ಮಳೆಗಾಲದಲ್ಲಿ ಬಾಕ್ಸ್ ಎಷ್ಟು ಭಾರ ತಡೆಯುತ್ತದೆ ಎಂದು ನೋಡಿಕೊಳ್ಳಿ

ರಟ್ಟಿನ ಬಾಕ್ಸ್ ಕೊಳ್ಳಲು ಬರುವವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಪ್ಲೈ, ಅಂದರೆ ಎಷ್ಟು ಪದರ ಕಾಗದ? ಎಷ್ಟು ಬಿಎಫ್, ಅಂದರೆ ಬರ್ಸ್ಟ್ ಫ್ಯಾಕ್ಟರ್? ಎರಡಕ್ಕೂ ಉತ್ತರ ಸಿಕ್ಕಿದರೂ, ಒಂದರ ಮೇಲೊಂದು ಪೇರಿಸಿದಾಗ ತಳದ ಬಾಕ್ಸ್ ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಬಿಎಫ್ ಹೇಳುವುದು ಕಾಗದ ಎಷ್ಟು ಒತ್ತಡಕ್ಕೆ ಹರಿದು ತೂತಾಗುತ್ತದೆ ಅಂತ. ಮೇಲಿನ ಭಾರಕ್ಕೆ ಬಾಕ್ಸ್ ಯಾವಾಗ ಕುಸಿಯುತ್ತದೆ ಅನ್ನುವುದಕ್ಕೆ ಕಂಪ್ರೆಶನ್ ಟೆಸ್ಟ್ ಅಂತ ಬೇರೆಯದೇ ಪರೀಕ್ಷೆ ಇದೆ.

ಪೀಣ್ಯದ ಒಂದು ಬಾಕ್ಸ್ ಕಾರ್ಖಾನೆಯಲ್ಲಿ ಈ ಟೆಸ್ಟ್ ಮಾಡುವುದೇ ನನ್ನ ಕೆಲಸ. ಪುತ್ತೂರಿನಲ್ಲಿರುವ ನಮ್ಮ ಅತ್ತಿಗೆ ನಾಲ್ಕಾರು ಹೆಂಗಸರ ಜೊತೆ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಬೇಸಿಗೆಯಲ್ಲಿ ಒಣಗಿಸಿದ ಹಪ್ಪಳ ಬೆಂಗಳೂರಿಗೆ, ಮುಂಬೈಗೆ ಹೊರಡುವುದು ಜೂನ್, ಜುಲೈನಲ್ಲಿ. "ನಿಮ್ಮ ಮಿಷನ್ ಏನು ಹೇಳ್ತದೆ ಅಂತ ನನಗೆ ಬೇಡ ಮಾರಾಯ್ತಿ, ಎಷ್ಟು ಪೇರಿಸ್ಬಹುದು ಹೇಳು" ಅಂತ ಅವರು ಫೋನಿನಲ್ಲಿ ಕೇಳಿದರು. ಸರಿಯಾದ ಪ್ರಶ್ನೆಯೇ ಅದು. ಅವರ ಬಾಕ್ಸನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಲೆಕ್ಕ, ಆಮೇಲೆ ಟೆಸ್ಟ್. ಅತ್ತಿಗೆಯ ಬಾಕ್ಸ್ 40 ಸೆಂ.ಮೀ. ಉದ್ದ, 30 ಅಗಲ, 25 ಎತ್ತರ. ಹಪ್ಪಳ ತುಂಬಿದ ಮೇಲೆ ತೂಕ 6 ಕೆ.ಜಿ. ಎಂಟು ಬಾಕ್ಸ್ ಪೇರಿಸಿದರೆ ತಳದ್ದರ ಮೇಲೆ ಏಳು ಬಾಕ್ಸ್, ಅಂದರೆ 42 ಕೆ.ಜಿ. ಹಾಗಾದರೆ 42 ಕೆ.ಜಿ. ತಡೆಯುವ ಬಾಕ್ಸ್ ಸಾಕಲ್ವಾ? ಖಂಡಿತ ಸಾಲದು. ಮಿಷನ್ ಬಾಕ್ಸನ್ನು ಒತ್ತುವುದು ಒಂದೆರಡು ನಿಮಿಷ. ಗೋಡೌನಿನಲ್ಲಿ ಅದೇ ಭಾರ ದಿನಗಟ್ಟಲೆ ಕೂತಿರುತ್ತದೆ, ಕಾಗದ ನಿಧಾನವಾಗಿ ಬಳಲುತ್ತದೆ. ಅಮೆರಿಕದ ಫೈಬರ್ ಬಾಕ್ಸ್ ಅಸೋಸಿಯೇಷನ್ ಇದಕ್ಕೆಲ್ಲ ಲೆಕ್ಕ ಕೊಟ್ಟಿದೆ. 30 ದಿನ ಭಾರ ಹೊತ್ತ ಬಾಕ್ಸಿನಲ್ಲಿ ಉಳಿಯುವ ಬಲ 0.60 ಪಾಲು. ಗಾಳಿಯ ತೇವ ಶೇ. 50 ಇದ್ದಾಗಿನ ಬಲಕ್ಕೆ ಹೋಲಿಸಿದರೆ, ಶೇ. 80 ತೇವಕ್ಕೆ 0.68 ಪಾಲು, ಶೇ. 90ಕ್ಕೆ 0.48 ಪಾಲು ಮಾತ್ರ. ಮೂಲೆಗೆ ಮೂಲೆ ಸರಿಯಾಗಿ ಕೂರದೆ ಸ್ವಲ್ಪ ಆಚೀಚೆ ಆದರೆ ಉಳಿದದ್ದರಲ್ಲಿ ಮತ್ತೆ 0.85 ಪಾಲು.

ಕರಾವಳಿಯ ಜುಲೈ ಅಂದರೆ ಶೇ. 90 ಅಂತಲೇ ಹಿಡಿಯಿರಿ. 0.60, 0.48, 0.85 ಮೂರನ್ನೂ ಗುಣಿಸಿದರೆ ಸುಮಾರು 0.245. 42ನ್ನು ಅದರಿಂದ ಭಾಗಿಸಿದರೆ 172 ಬರುತ್ತದೆ. ಅಂದರೆ ಮಿಷನ್ ಮೇಲೆ 172 ಕೆ.ಜಿ. ತಡೆಯುವ ಬಾಕ್ಸ್ ಬೇಕು, ನಾಲ್ಕು ಪಟ್ಟಿಗೂ ಜಾಸ್ತಿ. ಬಾಕ್ಸ್‌ಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಅಡ್ಡಡ್ಡ ಪೇರಿಸಿದರೆ ಅರ್ಧದಷ್ಟು ಬಲ ಹೋಗಿಬಿಡುತ್ತದೆ. ಭಾರದ ಹೆಚ್ಚಿನ ಪಾಲು ಹೊರುವುದು ನಾಲ್ಕು ಮೂಲೆಗಳು. ಮೇಲಿನ ಮೂಲೆ ಕೆಳಗಿನ ಬಾಕ್ಸಿನ ನಡುಭಾಗದ ಮೇಲೆ ಕೂತರೆ ಅಲ್ಲಿ ಹೊರುವವರೇ ಇಲ್ಲ.

ಈಗ ಟೆಸ್ಟ್. ಬಂಡಲ್ಲಿನ ಬೇರೆ ಬೇರೆ ಕಡೆಯಿಂದ ಕನಿಷ್ಠ ಐದು ಬಾಕ್ಸ್ ತೆಗೆಯಿರಿ. ಮೇಲಿನದ್ದು, ಕೆಳಗಿನದ್ದು, ಮಧ್ಯದ್ದು ಎಲ್ಲ ಇರಲಿ. ಗೋಡೆಯೊಳಗಿನ ಫ್ಲೂಟ್, ಅಂದರೆ ಅಲೆ, ಕೆಳಗಿನಿಂದ ಮೇಲಕ್ಕೆ ನಿಂತಿರಬೇಕು. ಕಾಗದ ಉಳಿಸಲು ಅಡ್ಡ ಹಾಕಿದ ಬಾಕ್ಸುಗಳೂ ಬರುತ್ತವೆ, ಅಂಥವನ್ನು ಟೆಸ್ಟ್ ಮಾಡುವುದೂ ದಂಡ. ರಟ್ಟು ಮಾಡುವ ಮಿಷನ್ನಿನಿಂದ ಆಗಷ್ಟೇ ಬಂದ ರಟ್ಟಿನಲ್ಲಿ ಅಂಟಿನ ತೇವ ಇರುತ್ತದೆ. ಒಂದು ಇಡೀ ದಿನವಾದರೂ ಲ್ಯಾಬ್ ಗಾಳಿಯಲ್ಲಿ ಬಿಡಿ. ನಮ್ಮ ದೇಶದ ರೂಢಿ 27 ಡಿಗ್ರಿ, ಶೇ. 65 ತೇವ. ಹೊರದೇಶದ ಲ್ಯಾಬ್‌ಗಳಲ್ಲಿ ಹೆಚ್ಚಾಗಿ 23 ಡಿಗ್ರಿ, ಶೇ. 50. ಎರಡು ಕಡೆಯ ರಿಪೋರ್ಟನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಖಾಲಿ ಬಾಕ್ಸನ್ನು ಚೌಕಾಕಾರ ನೆಟ್ಟಗೆ ಬಿಡಿಸಿ, ಕೆಳಗೂ ಮೇಲೂ ನೀವು ನಿಜವಾಗಿ ಹಾಕುವ ಟೇಪನ್ನೇ ಹಾಕಿ. ಮಿಷನ್ನಿನ ತಟ್ಟೆಯ ನಟ್ಟನಡುವೆ ಇಡಿ. ತಟ್ಟೆ ನಿಮಿಷಕ್ಕೆ 10ರಿಂದ 13 ಮಿ.ಮೀ. ವೇಗದಲ್ಲಿ ಇಳಿಯಬೇಕು. ಮೂರು ಪ್ಲೈಗೆ ಸುಮಾರು 23 ಕೆ.ಜಿ., ಐದು ಪ್ಲೈಗೆ ಸುಮಾರು 45 ಕೆ.ಜಿ. ಭಾರ ಬಿದ್ದ ಮೇಲೆ ಕುಗ್ಗುವಿಕೆಯ ಅಳತೆಯನ್ನು ಸೊನ್ನೆಗೆ ತನ್ನಿ. ಫ್ಲ್ಯಾಪ್, ಮಡಿಕೆ ಎಲ್ಲ ಕೂತುಕೊಳ್ಳುವವರೆಗಿನ ಅಳತೆಗೆ ಬೆಲೆ ಇಲ್ಲ. ಆಮೇಲೆ ರೀಡಿಂಗ್ ಏರುತ್ತಾ ಹೋಗಿ, ಒಂದು ಕಡೆ ನಿಂತು, ದಡಕ್ಕನೆ ಬೀಳುತ್ತದೆ. ಆ ತುದಿಯೇ ಬಾಕ್ಸಿನ ಬಲ.

ಎಲ್ಲರೂ ಆ ಒಂದು ಅಂಕಿ ಬರೆದುಕೊಂಡು ಎದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಆ ಹೊತ್ತಿಗೆ ಬಾಕ್ಸ್ ಎಷ್ಟು ಮಿ.ಮೀ. ಕುಗ್ಗಿತ್ತು ಅಂತ. ಹಪ್ಪಳದಂಥ ಮಾಲಿಗೆ ಇದೇ ಮುಖ್ಯ. ಅತ್ತಿಗೆಯ ಬಾಕ್ಸಿನಲ್ಲಿ ಹಪ್ಪಳದ ಕಟ್ಟಿಗೂ ಮುಚ್ಚಳಕ್ಕೂ ನಡುವೆ ಇರುವುದು 6 ಮಿ.ಮೀ. ಜಾಗ. ಬಾಕ್ಸ್ 12 ಮಿ.ಮೀ. ಕುಗ್ಗಿದ ಮೇಲೆ ತುದಿ ಮುಟ್ಟಿದರೆ ಅಷ್ಟರಲ್ಲಿ ಹಪ್ಪಳ ಪುಡಿ! ಹಾಗಾಗಿ ಅವರ ಲೆಕ್ಕಕ್ಕೆ ನಾನು ತುದಿಯ ಅಂಕಿ ಹಿಡಿಯುವುದಿಲ್ಲ, 6 ಮಿ.ಮೀ. ಕುಗ್ಗಿದಾಗ ಎಷ್ಟು ಕೆ.ಜಿ. ತಡೆದಿತ್ತೋ ಅದನ್ನು ಹಿಡಿಯುತ್ತೇನೆ. ಗಾಜಿನ ಬಾಟಲಿ, ತಗಡಿನ ಡಬ್ಬಿಯಾದರೆ ಒಳಗಿನ ಮಾಲೂ ಭಾರ ಹೊರುತ್ತದೆ, ಇಷ್ಟು ಬಿಗಿ ಬೇಡ.

ಕುಸಿದ ಬಾಕ್ಸನ್ನು ಎಸೆಯುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಗೋಡೆ ಉಬ್ಬಿ, ಮೂಲೆಗಳಿಂದ ಓರೆಯಾಗಿ ಮಡಿಕೆ ಮೂಡಿದ್ದರೆ ರಟ್ಟು ತನ್ನ ಪೂರ್ತಿ ಬಲ ಕೊಟ್ಟಿದೆ. ಮೇಲಿನ ಮಡಿಕೆಯ ಉದ್ದಕ್ಕೂ ಮಾತ್ರ ನಜ್ಜಾಗಿದ್ದರೆ ಕ್ರೀಸ್, ಅಂದರೆ ಮಡಿಸುವ ಗೆರೆ, ಸರಿಯಾಗಿ ಬಿದ್ದಿಲ್ಲ, ರಟ್ಟಿನ ತಪ್ಪಲ್ಲ. ಪ್ರಿಂಟ್ ಇರುವ ಜಾಗದಲ್ಲೇ ಮುರಿದಿದ್ದರೆ ಪ್ರಿಂಟಿಂಗ್ ರೋಲರ್ ಜಾಸ್ತಿ ಒತ್ತಿ ಫ್ಲೂಟನ್ನು ಚಪ್ಪಟೆ ಮಾಡಿದೆ. ದಪ್ಪ ಕಾಗದಕ್ಕೆ ದುಡ್ಡು ಹಾಕುವ ಬದಲು ಇಂಥದ್ದನ್ನು ಸರಿಮಾಡಿಸಿದರೆ ಬಲ ಪುಕ್ಕಟೆ ಸಿಗುತ್ತದೆ. ಐದರಲ್ಲಿ ಒಂದು ಬಾಕ್ಸ್ ತೀರಾ ಕಡಿಮೆ ತೋರಿಸಿದರೆ ಸರಾಸರಿಯಲ್ಲಿ ಅದನ್ನು ಮುಚ್ಚಿಹಾಕಬೇಡಿ. ಗೋಡೌನಿನಲ್ಲಿ ಮೊದಲು ಕುಸಿಯುವುದು ಅದೇ.

ಮಿಷನ್ ಇಲ್ಲದವರು ಮನೆಯಲ್ಲೇ ಮಾಡಬಹುದು, ಸ್ವಲ್ಪ ತಾಳ್ಮೆ ಬೇಕು. ನಿಜವಾಗಿ ಮಾಲು ಇಡುವ ಕೋಣೆಯಲ್ಲೇ ಮಾಡಿ, ಮಳೆ ಹಿಡಿದ ಮೇಲೆ. ಖಾಲಿ ಬಾಕ್ಸಿಗೆ ಟೇಪ್ ಹಾಕಿ ಸಮತಟ್ಟು ನೆಲದ ಮೇಲೆ ಇಡಿ. ಮೇಲೆ 18 ಮಿ.ಮೀ. ದಪ್ಪದ ಪ್ಲೈವುಡ್ ತುಂಡು, 60ಕ್ಕೆ 45 ಸೆಂ.ಮೀ. ಇದ್ದರೆ ಸಾಕು. ತೆಳು ಹಲಗೆ ಬಾಗಿ ಲೆಕ್ಕ ತಪ್ಪಿಸುತ್ತದೆ. ತೇವವೂ ದಿನಗಳೂ ಇಲ್ಲಿ ನಿಜದ್ದೇ ಆದ್ದರಿಂದ ನಾಲ್ಕು ಪಟ್ಟು ಬೇಡ, ಒಂದೂವರೆ ಪಟ್ಟು ಹಾಕಿ. 42ಕ್ಕೆ 63 ಕೆ.ಜಿ. ಒಂದು ಸಿಮೆಂಟ್ ಮೂಟೆ 50, ಅದರ ಮೇಲೆ 10 ಕೆ.ಜಿ. ಅಕ್ಕಿ, ಹಲಗೆಯದ್ದೇ ಮೂರು. ಬಾಕ್ಸಿನ ಎರಡೂ ಪಕ್ಕ ಹಲಗೆಯ ಅಂಚಿನ ಕೆಳಗೆ, ಎರಡು ಬೆರಳು ತಗ್ಗಾಗಿ ಇಟ್ಟಿಗೆ ಪೇರಿಸಿಡಿ. ಬಾಕ್ಸ್ ಕುಸಿದರೂ ಮೂಟೆ ಕಾಲ ಮೇಲೆ ಬೀಳುವುದಿಲ್ಲ. ಮಕ್ಕಳನ್ನು ಆ ಕಡೆ ಬಿಡಬೇಡಿ.

ದಿನಾ ಒಂದೇ ಹೊತ್ತಿಗೆ ನಾಲ್ಕು ಮೂಲೆಯಲ್ಲೂ ನೆಲದಿಂದ ಹಲಗೆಯವರೆಗಿನ ಎತ್ತರ ಅಳೆದು ಬರೆಯಿರಿ. ಮೊದಲ ದಿನ ಜಾಸ್ತಿ ಇಳಿಯುತ್ತದೆ, ಹೆದರಬೇಕಿಲ್ಲ. ಆಮೇಲೆ ಇಳಿತ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ನಿಧಾನವಾಗಿದ್ದದ್ದು ಮತ್ತೆ ಜೋರಾದರೆ ಬಾಕ್ಸ್ ಸದ್ಯದಲ್ಲೇ ಕುಸಿಯುತ್ತದೆ ಅಂತ ಅರ್ಥ. ತಿಂಗಳು ನಿಂತರೆ, ಒಟ್ಟು ಇಳಿತ ಒಳಗಿನ ಖಾಲಿ ಜಾಗಕ್ಕಿಂತ ಕಡಿಮೆ ಇದ್ದರೆ, ಎಂಟು ಪೇರಿಸಬಹುದು.

ಬಾಕ್ಸ್ ಇನ್ನೂ ಮಾಡಿಸಿಲ್ಲ ಅಂದರೆ 1963ರಲ್ಲಿ ಅಮೆರಿಕದ ಮೆಕ್ಕೀ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇದೆ. ಬಾಕ್ಸಿನ ನಾಲ್ಕು ಬದಿಯ ಸುತ್ತಳತೆಯನ್ನು ರಟ್ಟಿನ ದಪ್ಪದಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಅದನ್ನು 5.87ರಿಂದಲೂ ರಟ್ಟಿನ ಇಸಿಟಿಯಿಂದಲೂ ಗುಣಿಸಿ. ಇಸಿಟಿ ಅಂದರೆ ನಿಲ್ಲಿಸಿದ ರಟ್ಟಿನ ಅಂಚು ತಡೆಯುವ ಭಾರ. ಅತ್ತಿಗೆಯ ಬಾಕ್ಸಿಗೆ ಸುತ್ತಳತೆ 140 ಸೆಂ.ಮೀ., ಮೂರು ಪ್ಲೈ ರಟ್ಟಿನ ದಪ್ಪ 0.3 ಸೆಂ.ಮೀ. ವರ್ಗಮೂಲ 6.48, ಅದನ್ನು 5.87ರಿಂದ ಗುಣಿಸಿದರೆ 38. 172ನ್ನು 38ರಿಂದ ಭಾಗಿಸಿದರೆ ಸೆಂಟಿಮೀಟರಿಗೆ 4.5 ಕೆ.ಜಿ. ಇಸಿಟಿ ಬೇಕು. ಇದು ಅಂದಾಜು. ಕೈ ಹಾಕುವ ತೂತು, ಗಾಳಿಯ ತೂತು ಇದ್ದರೆ ಈ ಲೆಕ್ಕ ಹಿಡಿಯಬೇಡಿ.

ಆರ್ಡರ್ ಕೊಡುವಾಗ ಪ್ಲೈ, ಬಿಎಫ್ ಜೊತೆಗೆ ಈ ಸಾಲನ್ನೂ ಬರೆಸಿ: "27 ಡಿಗ್ರಿ, ಶೇ. 65 ತೇವದಲ್ಲಿ ಕಂಪ್ರೆಶನ್ 172 ಕೆ.ಜಿ.ಗೆ ಕಡಿಮೆ ಇರಬಾರದು, ಐದು ಬಾಕ್ಸಿನ ಪ್ರತ್ಯೇಕ ರೀಡಿಂಗ್ ಕೊಡಬೇಕು." 172 ಅತ್ತಿಗೆಯ ಬಾಕ್ಸಿನದು, ನೀವು ನಿಮ್ಮ ಲೆಕ್ಕದ ಅಂಕಿ ಹಾಕಿ. ಅದು ಬಂದದ್ದು ಶೇ. 50 ತೇವದ ಬಲದ ಲೆಕ್ಕದಿಂದ, ಶೇ. 65ರಲ್ಲೂ ಅಷ್ಟೇ ಕೇಳಿದರೆ ಸ್ವಲ್ಪ ಹೆಚ್ಚಿನ ಭದ್ರತೆ. ಒಳಗಿನ ಖಾಲಿ ಜಾಗ ಎಷ್ಟೆಂದು ತಿಳಿಸಿ, ಅಷ್ಟು ಕುಗ್ಗಿದಾಗಿನ ಕೆ.ಜಿ.ಯನ್ನೂ ಕೇಳಿ ಪಡೆಯಿರಿ. ಬಾಕ್ಸಿನ ಪಕ್ಕದಲ್ಲಿ "ಎಂಟಕ್ಕಿಂತ ಹೆಚ್ಚು ಪೇರಿಸಬೇಡಿ" ಅಂತ ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡದಾಗಿ ಅಚ್ಚು ಹಾಕಿಸಿ. ಲಾರಿಗೆ ಲೋಡ್ ಮಾಡುವವರು ಓದುವುದು ಅದನ್ನೇ.