ಹದಿನೈದು ಪಟ್ಟಿಯ ಹಾಕಿ ಸ್ಟಿಕ್: ನನ್ನ ಅನುಭವ

ಹೋದ ಬೇಸಿಗೆಯಲ್ಲಿ ನಾನು ಮಾಡಿದ ಆರು ಮರದ ಸ್ಟಿಕ್‌ಗಳು ಮೈದಾನಕ್ಕೆ ಇಳಿದವು. ಆರೂ ಮುರಿಯದೆ ವಾಪಸ್ ಬಂದವು. ಒಂದರ ಟೋ, ಅಂದರೆ ಬಾಗಿದ ತುದಿ, ಸವೆದಿತ್ತು, ಇನ್ನೊಂದರ ಗ್ರಿಪ್ ಹರಿದಿತ್ತು, ಅಷ್ಟೇ. ಮೂರು ವರ್ಷದಿಂದ ಎಲ್ಲರೂ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಮರದ ಸ್ಟಿಕ್ಕಿನ ಕಾಲ ಮುಗೀತು ಮಾರಾಯ, ಸುಮ್ನೆ ಬಾಗಿಲು ಕಿಟಕಿ ಮಾಡ್ಕೊಂಡಿರು." ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ವಿರಾಜಪೇಟೆ ಹತ್ತಿರ ಮರಗೆಲಸದ ಶೆಡ್. ಬಾಗಿಲು, ಕಿಟಕಿ, ಮಂಚ ನನ್ನ ಹೊಟ್ಟೆಪಾಡು. ಆದರೆ ಫೆಬ್ರವರಿ ಬಂತೆಂದರೆ ಶೆಡ್ಡಿನ ಮೂಲೆಯಲ್ಲಿ ಮುರಿದ ಹಾಕಿ ಸ್ಟಿಕ್‌ಗಳ ಕಟ್ಟು ಬಂದು ಬೀಳುತ್ತದೆ. 1997ರಲ್ಲಿ ಕರಡ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ ಆಡಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಅಜ್ಜನೂ ಆಡುತ್ತಾರೆ, ಮೊಮ್ಮಗಳೂ ಆಡುತ್ತಾಳೆ. ಅಟ್ಟದ ಮೇಲಿದ್ದ ಹಳೇ ಸ್ಟಿಕ್ಕೂ ಕೆಳಗೆ ಇಳಿಯುತ್ತದೆ. ಹಾಗಾಗಿ ಸ್ಟಿಕ್ ಎಲ್ಲಿ ಮುರಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ವರ್ಷದಲ್ಲಿ ಸಾವಿರಕ್ಕಿಂತ ಕಡಿಮೆ ನೋಡಿಲ್ಲ.

ಹೆಚ್ಚಿನವು ಮುರಿಯುವುದು ಹ್ಯಾಂಡಲ್ಲಿನ ಬೆತ್ತ ಬಂದು ಮರಕ್ಕೆ ಸೇರುವ 'ವಿ' ಜಾಯಿಂಟಿನ ಚೂಪು ತುದಿಯಲ್ಲಿ. ಉಳಿದವು ಹೀಲ್, ಅಂದರೆ ಬಾಗಿನ ಹಿಂಬದಿಯ ಹತ್ತಿರ ಎಳೆ ಬಿಟ್ಟು ಸೀಳುತ್ತವೆ. ಕಾರ್ಬನ್ ಸ್ಟಿಕ್ಕೂ ರಿಪೇರಿಗೆ ಬರುತ್ತದೆ. ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದ ಮೇಲೆ ಅದನ್ನು ಮೀರಿಸುವುದು ಇಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕಲ್ಲು ಮಣ್ಣಿನ ಮೈದಾನದಲ್ಲಿ ಅದರ ಟೋ ಉಜ್ಜಿ ಉಜ್ಜಿ ಒಳಗಿನ ಪದರ ಬಿಚ್ಚಿಕೊಂಡರೆ ನಾನು ಮಾಡುವುದೇನೂ ಇರುವುದಿಲ್ಲ. ಎಂಟು ಸಾವಿರ ಕೊಟ್ಟ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನಿಂತ ಹುಡುಗನ ಮುಖ ನೋಡುವುದು ಕಷ್ಟ.

ಶುರು ಮಾಡುವ ಮೊದಲು ಒಂದು ಹಳೇ ಜಲಂಧರ್ ಸ್ಟಿಕ್ಕನ್ನು ಉದ್ದಕ್ಕೆ ಸೀಳಿ ನೋಡಿದೆ. ದೇಶ ವಿಭಜನೆ ಆದಾಗ ಸಿಯಾಲ್‌ಕೋಟ್‌ನಿಂದ ಬಂದ ಕಸುಬುದಾರರು ಜಲಂಧರ್‌ನಲ್ಲಿ ಬೆಳೆಸಿದ ಕೆಲಸ ಅದು. ಹಿಪ್ಪುನೇರಳೆ ಮರದ ಎಳೆ ಹೆಡ್ಡಿನ (ಚೆಂಡು ಹೊಡೆಯುವ ಕೆಳಭಾಗದ) ಬಾಗಿನ ಜೊತೆಗೇ ತಿರುಗಿ ಟೋವರೆಗೂ ಒಂದೂ ಕಡಿಯದೆ ಹೋಗಿತ್ತು. ಕೊರೆದು ಮಾಡಿದ್ದಲ್ಲ, ಆವಿಯಲ್ಲಿ ಬೇಯಿಸಿ ಬಾಗಿಸಿದ್ದು. ಅದನ್ನು ನೋಡಿದ ಮೇಲೆ ಎರಡು ದಿನ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ.

ಹಿಪ್ಪುನೇರಳೆ ಹುಡುಕುವುದೇ ಒಂದು ಕೆಲಸ. ರೇಷ್ಮೆಗೆ ಬೆಳೆಸುವ ಗಿಡವನ್ನು ಸೊಪ್ಪಿಗಾಗಿ ಕತ್ತರಿಸುತ್ತಲೇ ಇರುತ್ತಾರೆ, ಅದರಲ್ಲಿ ದಿಮ್ಮಿ ಸಿಗುವುದಿಲ್ಲ. ಬದುವಿನಲ್ಲಿ ಮರವಾಗಿ ಬಿಟ್ಟದ್ದು ಬೇಕು. ಕೊಳ್ಳೇಗಾಲದ ಕಡೆ ಒಬ್ಬ ರೈತರ ಹೊಲದಲ್ಲಿ ಸಿಕ್ಕಿತು. ಐದು ಅಡಿ ಉದ್ದ, ಮೂರು ಅಡಿ ಸುತ್ತಳತೆ. ಮರಕ್ಕೆ ಮೂರು ಸಾವಿರ, ಗಾಡಿ ಬಾಡಿಗೆ ಅದಕ್ಕಿಂತ ಜಾಸ್ತಿ. ಗಂಟು, ಸೀಳು ಎಲ್ಲ ಕಳೆದು ಇಪ್ಪತ್ತೈದು ಸ್ಟಿಕ್ಕಿಗೆ ಆಗುವಷ್ಟು ಸಿಕ್ಕಿತು. ಅದರಲ್ಲಿ ಅರ್ಧಕ್ಕರ್ಧ ಹಾಳು ಮಾಡಿದೆ.

ಮೊದಲ ವರ್ಷ ಜಲಂಧರ್‌ನವರ ಹಾಗೇ ಇಡೀ ತುಂಡನ್ನು ಬಾಗಿಸಲು ಹೋದೆ. ಏಳು ಹೆಡ್ ಬೇಯಿಸಿದೆ. ನಾಲ್ಕು ಹೀಲ್‌ನಲ್ಲಿ ಸಿಡಿದವು, ಎರಡರ ಒಳಬಾಗಿನಲ್ಲಿ ಮರ ಸುಕ್ಕುಗಟ್ಟಿತು. ಉಳಿದ ಒಂದು ಚೆನ್ನಾಗೇ ಇತ್ತು, ಆದರೆ ಜುಲೈ ಮಳೆಗೆ ಬಾಗು ಬಿಚ್ಚಿ ಊರುಗೋಲಿನ ಹಾಗಾಯಿತು. ಅವರದ್ದು ತಲೆಮಾರಿನ ಕೈ. ನನಗೆ ಅದು ಏಳು ಹೆಡ್ಡಿನಲ್ಲಿ ಬರುವಂಥದ್ದಲ್ಲ ಎಂದು ಗೊತ್ತಾಯಿತು.

ಆಮೇಲೆ ತೆಳು ಮರದ ಪಟ್ಟಿಗಳ ಯೋಚನೆ ಬಂತು. ಹೆಡ್ಡಿಗೆ ಪಟ್ಟಿ ಅಂಟಿಸಿ ಮಾಡುವುದು ಹೊಸದೇನಲ್ಲ, ಅಂಗಡಿಯ ಸ್ಟಿಕ್‌ನಲ್ಲೂ ಗೆರೆ ಗೆರೆ ಕಾಣುತ್ತದೆ. ನಾನು ಯೋಚಿಸಿದ್ದು ಆ ಪಟ್ಟಿಗಳನ್ನು ಸ್ಟಿಕ್ಕಿನ ಅರ್ಧಕ್ಕಿಂತ ಮೇಲಿನವರೆಗೂ ಒಯ್ದು, ಆ ಚೂಪು ತುದಿಯ ಜಾಯಿಂಟನ್ನೇ ಇಲ್ಲದಂತೆ ಮಾಡುವುದು.

4 ಮಿ.ಮೀ. ಪಟ್ಟಿ ಒಳಬಾಗಿಗೆ ಒಗ್ಗಲೇ ಇಲ್ಲ, ಬಾಗಿಸಿದಷ್ಟೂ ಪಟಪಟ ಮುರಿಯಿತು. ಕೊನೆಗೆ ನಿಂತದ್ದು ಹೀಗೆ: ಒಳಗಿನ ಐದು ಪಟ್ಟಿ 2 ಮಿ.ಮೀ., ಹೊರಗಿನ ಹತ್ತು ಪಟ್ಟಿ 3 ಮಿ.ಮೀ. ಒಟ್ಟು ಹದಿನೈದು. ಗರಗಸದ ಬಾಯಿಗೆ ಹೋಗುವ ಪುಡಿ ನೋಡಿದರೆ ಹೊಟ್ಟೆ ಉರಿಯುತ್ತದೆ, ಅರ್ಧ ಮರ ಅದಕ್ಕೇ ಹೋಗುತ್ತದೆ. ಬೇರೆ ದಾರಿ ಇಲ್ಲ.

ಆವಿಗೆ ಮೊದಲು ಪಿವಿಸಿ ಪೈಪು ಇಟ್ಟೆ. ಅರ್ಧ ಗಂಟೆಗೆ ಪೈಪೇ ಬಾಳೆಕಾಯಿಯ ಹಾಗೆ ಬಾಗಿತು. ಈಗ ಹಲಗೆಯ ಪೆಟ್ಟಿಗೆ, ಕೆಳಗೆ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುತ್ತಿದ್ದ ದೊಡ್ಡ ಪಾತ್ರೆ. 3 ಮಿ.ಮೀ. ಪಟ್ಟಿಗೆ ಇಪ್ಪತ್ತು ನಿಮಿಷ ಸಾಕು. ಪೂರಾ ಒಣಗಿದ ಮರ ಬೇಡ, ಸ್ವಲ್ಪ ಹಸಿ ಇರುವುದೇ ಬಾಗುತ್ತದೆ. ನೆನೆಸುವ ನೀರಿಗೆ ನಾನು ಒಂದು ವಸ್ತು ಹಾಕುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಬಳಿಯೇ ಇರಲಿ.

ಬಾಗಿಸುವುದು ಇಬ್ಬರ ಕೆಲಸ. ನನ್ನ ಜೊತೆ ಅಕ್ಕನ ಮಗ ನಿಲ್ಲುತ್ತಾನೆ. ಪೆಟ್ಟಿಗೆ ತೆರೆದ ತಕ್ಷಣ ಬೆಲ್ಲ ಕಾಯಿಸಿದಂಥ ಒಂದು ವಾಸನೆ ಮುಖಕ್ಕೆ ಹೊಡೆಯುತ್ತದೆ. ಕೈಗವಸು ಹಾಕಿ ಪಟ್ಟಿ ಎಳೆಯಬೇಕು, ಲೋಹದ ಪಟ್ಟಿಯನ್ನು ಬೆನ್ನಿಗೆ ಕೊಟ್ಟು ಅಚ್ಚಿಗೆ ಒತ್ತಿ ಸುತ್ತಬೇಕು. ಹತ್ತು ಸೆಕೆಂಡ್ ಇರುತ್ತದೆ, ಹದಿನೈದಾದರೆ ಮರ ಆಗಲೇ ಬಿಗಿದುಕೊಂಡಿರುತ್ತದೆ. ಕಿವಿ ಕೊಟ್ಟು ಕೇಳಬೇಕು. 'ಚಿರ್' ಅಂದರೆ ಕೈ ಸಡಿಲ ಬಿಡಬೇಕು, ಅರ್ಧ ಕ್ಷಣ ನಿಂತು ಮತ್ತೆ ಒತ್ತಬೇಕು. "ಮಾಮ, ಬಿಡಿ ಬಿಡಿ" ಎಂದು ಅವನು ಕೂಗುವ ಹೊತ್ತಿಗೆ ನನ್ನ ಕೈ ಆಗಲೇ ಬಿಟ್ಟಿರುತ್ತದೆ. ಇದು ಪುಸ್ತಕದಲ್ಲಿ ಬರುವುದಿಲ್ಲ. ಬೆನ್ನಿಗೆ ಕೊಡುವ ಪಟ್ಟಿ ಮೊದಲು ಜಿಐ (ಸತು ಬಳಿದ ಕಬ್ಬಿಣ) ತಗಡಿನದಿತ್ತು. ಬಿಸಿ ಹಸಿ ಮರಕ್ಕೆ ತಾಗಿ ಕಪ್ಪು ಕಲೆ ಬಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಈಗ ಸ್ಟೀಲ್ ಪಾತ್ರೆ ಮಾಡುವ ತಗಡು.

ಎರಡನೇ ವರ್ಷದ ದೊಡ್ಡ ತಪ್ಪು ಅವಸರದ್ದು. ಬಾಗಿಸಿದ ಪಟ್ಟಿಗಳನ್ನು ಎರಡು ದಿನ ಒಣಗಿಸಿ ಬಿಳಿ ಅಂಟು ಹಚ್ಚಿ ಕ್ಲಾಂಪ್ ಹಾಕಿದೆ. ನೋಡಲು ಚಿನ್ನದಂತಿದ್ದವು. ಒಂಬತ್ತು ಸ್ಟಿಕ್ ಮಾಡಿ, ನಾಲ್ಕನ್ನು ಹುಡುಗರಿಗೆ ಕೊಟ್ಟೆ. ಮೇ ತಿಂಗಳ ಒಂದೇ ಮಳೆಗೆ ನಾಲ್ಕೂ ಹಳೇ ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡವು. ಒಂದು ಪಂದ್ಯದ ಮಧ್ಯದಲ್ಲೇ ಬಿಚ್ಚಿತು. ಆ ಹುಡುಗನ ತಂದೆ ಶೆಡ್ಡಿಗೆ ಬಂದು ಸ್ಟಿಕ್ಕನ್ನು ಮೇಜಿನ ಮೇಲೆ ಇಟ್ಟು, ಒಂದು ಮಾತೂ ಆಡದೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ದುಡ್ಡು ವಾಪಸ್ ಕೊಟ್ಟೆ. ಅಷ್ಟು ಹೊತ್ತಿಗೆ ಚೀಟಿ ಎತ್ತಿದ ಹಣ ಸೇರಿ ಐವತ್ತು ಸಾವಿರ ದಾಟಿತ್ತು.

ಬಾಗಲು ಹಸಿ ಮರ ಬೇಕು, ಅಂಟಲು ಒಣ ಮರ ಬೇಕು. ಎರಡನ್ನೂ ಒಂದೇ ವಾರದಲ್ಲಿ ಮುಗಿಸಲು ಹೋಗಿದ್ದೇ ನನ್ನ ತಪ್ಪು. ಈಗ ಹದಿನೈದು ಪಟ್ಟಿಯನ್ನೂ ಅಂಟಿಲ್ಲದೆ ಅಚ್ಚಿನಲ್ಲೇ ಬಿಗಿದು, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಜನವರಿಯಲ್ಲಾದರೆ ಎಂಟು ಹತ್ತು ದಿನ, ಮಳೆಗಾಲದಲ್ಲಿ ಮೂರು ವಾರ. ದಿನಾ ತೂಕ ನೋಡುತ್ತೇನೆ. ಮೂರು ದಿನ ತೂಕ ಇಳಿಯದಿದ್ದರೆ ಒಣಗಿತು ಎಂದು ಲೆಕ್ಕ. ಆಮೇಲೆ ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಒರಟು ಕಾಗದದಲ್ಲಿ ತಿಕ್ಕಿ, ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಅಂಟು) ಹಚ್ಚಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸುತ್ತೇನೆ. ಪಟ್ಟಿಗಳ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಹಾಕುವುದನ್ನು ಮರೆಯಬೇಡಿ. ಕ್ಲಾಂಪನ್ನು ಪ್ರಾಣ ಹೋಗುವ ಹಾಗೆ ಬಿಗಿಯಲೂಬೇಡಿ, ಎಪಾಕ್ಸಿ ಎಲ್ಲ ಹೊರಗೆ ಹರಿದು ಒಳಗೆ ಏನೂ ಉಳಿಯುವುದಿಲ್ಲ. ಎಪಾಕ್ಸಿಗೆ ನಾನು ಸೇರಿಸುವ ಒಂದು ಪುಡಿ ಇದೆ. ಅದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹ್ಯಾಂಡಲ್ಲಿಗೆ ಬೆತ್ತವೇ ರಾಜ. ಆದರೆ ಒಳ್ಳೆ ಬೆತ್ತ ಈಗ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳಬಾರದು. ಮುರಿದ ಹಳೇ ಸ್ಟಿಕ್‌ಗಳಿಂದ ಬೆತ್ತ ಬಿಚ್ಚಿ ಬಳಸಿದೆ. ಅದೂ ಮುಗಿದಾಗ ಕಿರುಬಿದಿರನ್ನು ಸೀಳಿ ಹಾಕಿದೆ. ಗಟ್ಟಿ ಏನೋ ಇತ್ತು, ಆದರೆ ಚೆಂಡು ಟೋಗೆ ತಾಗಿದರೆ ಕೈ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಸೀಳುಗಳ ಮಧ್ಯೆ ಸೈಕಲ್ ಟ್ಯೂಬಿನ ರಬ್ಬರ್ ಕೊಟ್ಟ ಮೇಲೆ ಸರಿಹೋಯಿತು. ಜಾಯಿಂಟ್ ವಿಷಯ ಇಷ್ಟೇ: ಎಲ್ಲ ಪಟ್ಟಿಗಳೂ ಒಂದೇ ಕಡೆ ಮುಗಿಯಬಾರದು. ಮೆಟ್ಟಿಲಿನ ಹಾಗೆ ಒಂದೊಂದೂ ಒಂದು ಬೆರಳಿನಷ್ಟು ಮೇಲೆ ಮೇಲೆ ಮುಗಿಯಬೇಕು, ನಡುವೆ ಬಿದಿರಿನ ಸೀಳು ಕೂರಬೇಕು. ಹೀಗೆ ಮಾಡಿದ ಮೇಲೆ ಆ ಜಾಗದಲ್ಲಿ ಒಂದೂ ಮುರಿದಿಲ್ಲ.

ಮಧ್ಯೆ ತಡಸಲು ಮರದ ಹುಚ್ಚು ಹತ್ತಿತ್ತು. ಒಬ್ಬರ ಹಳೇ ದನದ ಕೊಟ್ಟಿಗೆ ಕೆಡವಿದಾಗ ಒಂದು ತೊಲೆ ಸಿಕ್ಕಿತು. ಕೊಡಲಿ ಕಾವಿಗೆ ತಡಸಲನ್ನು ಮೀರಿಸಿದ ಮರ ಇಲ್ಲ ಅಲ್ವಾ, ಸ್ಟಿಕ್ಕಿಗೂ ಆಗಬೇಕು ಅಂದುಕೊಂಡೆ. ಕಬ್ಬಿಣದಂಥ ಸ್ಟಿಕ್ ಆಯಿತು, ತೂಕ 800 ಗ್ರಾಂ ಮೇಲೆ. ನಿಯಮದ ಮಿತಿ 737. ಅದನ್ನು ಈಗಲೂ ಶೆಡ್ಡಿನ ಬಾಗಿಲಿಗೆ ಅಗುಳಿಯಾಗಿ ಬಳಸುತ್ತೇನೆ. ಹಲಸು ಹಿಪ್ಪುನೇರಳೆಯ ಕುಟುಂಬದ್ದೇ ಮರ, ಚೆನ್ನಾಗಿ ಬಾಗಿತು, ಆದರೆ ಹೊಡೆತಕ್ಕೆ ಟೋ ಚೂರಾಯಿತು. ಸಿಲ್ವರ್ ಓಕ್ ಬಗ್ಗೆ ಮಾತೇ ಬೇಡ. ಚಿಕ್ಕವರಿದ್ದಾಗ ಕಾಫಿ ಗಿಡದ ಬಾಗಿದ ಕೊಂಬೆ ಕಡಿದು ಆಡುತ್ತಿದ್ದೆವು. ಆ ಮರವನ್ನೂ ಒಮ್ಮೆ ಟೋ ತುದಿಗೆ ಬೆಣೆಯಾಗಿ ಕೂರಿಸಿ ನೋಡಿದ್ದೇನೆ. ಸವೆತ ಕಡಿಮೆ ಆಗುವ ಹಾಗೆ ಕಾಣುತ್ತಿದೆ. ಇನ್ನೊಂದು ಸೀಸನ್ ನೋಡಬೇಕು.

ಕೊನೆಯ ಕೆಲಸ ಫೈಬರ್ ಬಟ್ಟೆ. ಮೈಸೂರಿನಿಂದ ತಂದ ಗ್ಲಾಸ್ ಫೈಬರನ್ನು ಮುಖಕ್ಕೂ ಬೆನ್ನಿಗೂ ಉದ್ದುದ್ದ ಒಂದೊಂದು ಪದರ, ಹೆಡ್ಡಿಗೆ ಸುತ್ತ ಎರಡು ಪದರ. ಮೊದಲು ಅಗ್ಗದ ಪಾಲಿಯೆಸ್ಟರ್ ರೆಸಿನ್ ಬಳಸಿ ಕೈ ಸುಟ್ಟುಕೊಂಡೆ. ಹಾವಿನ ಪೊರೆಯ ಹಾಗೆ ಎದ್ದು ಬಂತು. ಮರಕ್ಕೆ ಎಪಾಕ್ಸಿಯೇ ಸರಿ. ಬಟ್ಟೆ ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬನ್ನು ಎಳೆದು ಎಳೆದು ಸುತ್ತುತ್ತೇನೆ. ಹೆಚ್ಚಾದ ರೆಸಿನ್ ಹಿಂಡಿ ಹೊರಬರುತ್ತದೆ, ತೂಕ ಉಳಿಯುತ್ತದೆ. ಇಷ್ಟಾದರೂ ಐವತ್ತು ಗ್ರಾಂ ಕೂಡುತ್ತದೆ, ಅಷ್ಟನ್ನು ಮೊದಲೇ ಮರದಲ್ಲಿ ಕೀಸಿ ತೆಗೆದಿರಬೇಕು. ಈಗ ನನ್ನ ಸ್ಟಿಕ್ 600 ಗ್ರಾಂ ಆಸುಪಾಸು ಇರುತ್ತದೆ. ಡಿಫೆನ್ಸ್‌ನವರಿಗೆ ಹೇಳಿ ಮಾಡಿಸಿದ ತೂಕ, ಫಾರ್ವರ್ಡ್ ಹುಡುಗರಿಗೆ ಸ್ವಲ್ಪ ಜಾಸ್ತಿ. ನಿಯಮದಂತೆ ದಪ್ಪ ನೋಡಲು 51 ಮಿ.ಮೀ. ಒಳ ಅಳತೆಯ ಕಬ್ಬಿಣದ ಬಳೆ ಮಾಡಿಸಿಟ್ಟಿದ್ದೇನೆ. ಅದರೊಳಗೆ ತೂರದ ಸ್ಟಿಕ್ ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ.

ಗಟ್ಟಿತನ ನೋಡಲು ಎರಡು ಕಲ್ಲುಗಳನ್ನು ಎರಡೂವರೆ ಅಡಿ ದೂರದಲ್ಲಿ ಇಟ್ಟು, ಮೇಲೆ ಸ್ಟಿಕ್ ಮಲಗಿಸಿ, ನಡುವಿಗೆ ಮರಳಿನ ಚೀಲ ತೂಗು ಹಾಕಿದೆ. ಹಳೇ ಮರದ ಸ್ಟಿಕ್ 85 ಕಿಲೋ ಹತ್ತಿರ ಕಟ್ ಅಂದಿತು. ನನ್ನದು 130 ದಾಟಿ, 140ರ ಹತ್ತಿರ ಬಂದ ಮೇಲೆ ಕೂಗಿತು. ಆ ದಿನ ಶೆಡ್ಡಿನಲ್ಲಿ ಐದಾರು ಜನ ಇದ್ದರು. ಬಾಗಿಲು ಕಿಟಕಿ ಮಾಡ್ಕೊಂಡಿರು ಅಂದಿದ್ದ ಹಿರಿಯರೂ ಇದ್ದರು. ಅವರು ಹಳೇ ಆಟಗಾರರು. ಚೀಲ ಇಳಿಸಿ, ಸ್ಟಿಕ್ಕನ್ನು ಕೈಗೆ ತೆಗೆದುಕೊಂಡು, ಮುಖದ ಮೇಲಿನ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ನನ್ನ ಮೊಮ್ಮಗನಿಗೆ ಒಂದು ಮಾಡು" ಅಂದರು. ಆರರಲ್ಲಿ ಒಂದು ಅವನದ್ದೇ. ಪೆನಾಲ್ಟಿ ಕಾರ್ನರ್ ಎಲ್ಲ ಅವನೇ ಹೊಡೆಯುತ್ತಾನೆ. ಅವನ ಹೊಡೆತಕ್ಕೆ ಹಿಂದಿನ ವರ್ಷ ಎರಡು ಸ್ಟಿಕ್ ಹೋಗಿದ್ದವು. ಈ ಸಲ ಐದು ಪಂದ್ಯ ಒಂದರಲ್ಲೇ ಆಡಿದ.

ಲೆಕ್ಕ ಕೇಳುವವರಿಗೆ: ಈಗ ಒಂದು ಸ್ಟಿಕ್ಕಿಗೆ ಸಾಮಾನಿನ ಖರ್ಚು ಸಾವಿರದ ನೂರು, ಇನ್ನೂರು. ಅದರಲ್ಲಿ ಅರ್ಧ ಎಪಾಕ್ಸಿ, ಫೈಬರ್‌ಗೇ. ಒಣಗುವ ದಿನ ಬಿಟ್ಟು ಕೈಕೆಲಸ ಒಂದೂವರೆ ದಿನ. ನಾನು 3,500ಕ್ಕೆ ಕೊಡುತ್ತೇನೆ. ಕಲಿಯಲು ಸುಟ್ಟ ಹಣ ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಹತ್ತಿರ, ಅದರಲ್ಲಿ ಕಾಲು ಭಾಗವೂ ಇನ್ನೂ ವಾಪಸ್ ಬಂದಿಲ್ಲ. ಟೋ ಸವೆದ ಸ್ಟಿಕ್ ತಂದರೆ ತುದಿ ಕೊರೆದು ಹೊಸ ಬೆಣೆ ಕೂರಿಸಿ ಇನ್ನೂರು ರೂಪಾಯಿಗೆ ಕೊಡುತ್ತೇನೆ.

ಬರುವ ಸೀಸನ್ನಿಗೆ ಹನ್ನೆರಡು ಸ್ಟಿಕ್ ಕೇಳಿದ್ದಾರೆ. ಅದರಲ್ಲಿ ಮೂರು ಹೆಣ್ಣುಮಕ್ಕಳಿಗೆ, 560 ಗ್ರಾಂ ಒಳಗೆ ಬೇಕಂತೆ. ಅದಕ್ಕೆ ಹೊರಗಿನ ಪಟ್ಟಿಗಳನ್ನೂ 2.5ಕ್ಕೆ ಇಳಿಸಿ ನೋಡುತ್ತಿದ್ದೇನೆ. ಮೊದಲ ಅಚ್ಚು ಈಗ ಒಲೆಯ ಮೇಲೆ ಅಟ್ಟದಲ್ಲಿದೆ. ನಿನ್ನೆಗೂ ಇವತ್ತಿಗೂ ತೂಕ ನಾಲ್ಕು ಗ್ರಾಂ ಇಳಿದಿದೆ. ಇನ್ನೂ ಬಿಚ್ಚುವ ಹಾಗಿಲ್ಲ.