ಚಿಟ್ಟಿಯ ಮನಸ್ಸನ್ನು ಹಿಂಬಾಲಿಸಿ ‘ಎಂದಿರನ್’ ನೋಡುವ ಬಗೆ

ಶಂಕರ್ ನಿರ್ದೇಶಿಸಿ 2010ರಲ್ಲಿ ತೆರೆಕಂಡ ತಮಿಳು ಚಿತ್ರ ‘ಎಂದಿರನ್’ ಅನ್ನು ಸಾಹಸ ದೃಶ್ಯಗಳಿಗಾಗಿ ಒಮ್ಮೆ ನೋಡಿದವರು, ಎರಡನೆಯ ಸಲ ಚಿಟ್ಟಿ ಎಂಬ ರೋಬೋಟಿನಲ್ಲಿ ಭಾವನೆಗಳು ಮೂಡುವ ಕ್ರಮವನ್ನಷ್ಟೇ ಗಮನಿಸುತ್ತಾ ನೋಡಬೇಕು.

ಮೊದಲು ಬೆಂಕಿ ಅನಾಹುತದ ದೃಶ್ಯವನ್ನು ನಿಧಾನವಾಗಿ ನೋಡಿ. ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಚಿಟ್ಟಿ ಮೈಮೇಲೆ ಬಟ್ಟೆಯಿಲ್ಲದ ಸ್ಥಿತಿಯಲ್ಲೇ ಎಲ್ಲರೆದುರು ಹೊತ್ತು ತರುತ್ತದೆ. ನಾಚಿಕೆ ತಾಳಲಾರದೆ ಓಡಿದ ಆಕೆ ವಾಹನಕ್ಕೆ ಸಿಲುಕಿ ಸಾಯುತ್ತಾಳೆ. ಜೀವ ಉಳಿಸಲು ಬಲ್ಲ ಯಂತ್ರಕ್ಕೆ ಮಾನದ ಅರ್ಥ ತಿಳಿದಿರಲಿಲ್ಲ. ವಿಜ್ಞಾನಿ ವಸೀಗರನ್ ಅದಕ್ಕೆ ಮನುಷ್ಯಭಾವವನ್ನು ಕಲಿಸಲು ಹೊರಡುವುದು ಈ ಸಾವಿನ ಬಳಿಕವೇ ಆದ್ದರಿಂದ, ಇಡೀ ಕಥೆಯ ತಿರುವು ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ.

ಆನಂತರ ರಜನಿಕಾಂತ್ ಅವರ ಕಣ್ಣುಗಳನ್ನು ಗಮನಿಸಿ. ವಿಜ್ಞಾನಿಯೂ ಯಂತ್ರವೂ ಅವರೇ (ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರೆಂಬ ಅಕ್ಕರೆ ನಮಗೆ ಇದ್ದೇ ಇದೆ). ವಸೀಗರನ್‌ನ ಪ್ರೇಯಸಿ ಸನಾಳ ಮೇಲೆ ಪ್ರೀತಿ ಹುಟ್ಟಿದ ನಂತರ ಚಿಟ್ಟಿಯ ನೋಟವು ಮೊದಲಿನ ನೋಟಕ್ಕಿಂತ ಹೇಗೆ ಬೇರೆಯಾಗಿದೆ ಎಂಬುದನ್ನು ಹೋಲಿಸಿರಿ.

ಚಿಟ್ಟಿಯನ್ನು ವಿನಾಶಕಾರಿಯಾಗಿಸುವ ಕೆಂಪು ಚಿಪ್ ಅಳವಡಿಸಿದ ನಂತರದ ಕಾಳಗವನ್ನು ಬೇಗ ದಾಟಿದರೂ ನಷ್ಟವಿಲ್ಲ. ಆದರೆ ನ್ಯಾಯಾಲಯದ ಆದೇಶದಂತೆ ಚಿಟ್ಟಿ ತನ್ನ ಅಂಗಗಳನ್ನು ತಾನೇ ಒಂದೊಂದಾಗಿ ಕಳಚುವ ದೃಶ್ಯವನ್ನು ಮಾತ್ರ ಎಲ್ಲಿಯೂ ಓಡಿಸದೆ, ಕೊನೆಯವರೆಗೂ ನೋಡಿ.