ಫಾರ್ವರ್ಡ್‌ನಿಂದ ಗ್ರಾಮಸಭೆಗೆ: ಕೊನೆಗೂ ಕೈ ಹಿಡಿದ ದಾರಿ

ಸುಳ್ಳುಸುದ್ದಿ ಪತ್ತೆ ಮಾಡೋದು ಕಲಿಸಿದರೆ ಜನ ಗ್ರಾಮಸಭೆಗೆ ಬರ್ತಾರಾ ಎಂದು ನಕ್ಕವರೇ ಹೆಚ್ಚು. ಬರುತ್ತಾರೆ. ಆದರೆ ದೂರದೂರಿನ ಫಾರ್ವರ್ಡ್‌ಗಳನ್ನಷ್ಟೇ ತೋರಿಸಿದರೆ ಬರುವುದಿಲ್ಲ. ಮೊದಲ ಸುತ್ತಿನ ತರಬೇತಿಗಳು ನೆಲಕಚ್ಚಿದ್ದು ಅಲ್ಲೇ. ‘ಎಲ್ಲಾ ಸುಳ್ಳೇ ಬಿಡ್ರಿ’ ಎಂದು ಎದ್ದು ಹೋದವರು ಆಮೇಲೆ ನಿಜವನ್ನೂ ನಂಬಲಿಲ್ಲ.

ಈಗ ತರಬೇತಿಯ ಶುರುವಿಗೆ ಮೂರೇ ಫಾರ್ವರ್ಡ್: ಒಂದು ಹಳೇ ಫೋಟೊಗೆ ಹೊಸ ಒಕ್ಕಣೆ, ಒಂದು ಸರ್ಕಾರಿ ಯೋಜನೆ ಹೆಸರಿನ ಮೋಸದ ಲಿಂಕ್, ಒಂದು ಅಪ್ಪಟ ನಿಜ. ನಿಜದ್ದು ಇರಲೇಬೇಕು. ಅದನ್ನು ಹೇಗೆ ಆರಿಸುತ್ತೇವೆ ಎನ್ನುವುದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಮುಂದಿನ ಊರಲ್ಲೂ ಕೆಲಸಕ್ಕೆ ಬರಬೇಕು. ಫೋಟೊದ ಮೂಲವನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ ಮೊದಲು ಮೇಲಿನ ಅಕ್ಷರ, ಲೋಗೊ ಕತ್ತರಿಸಿ. ಇಲ್ಲದಿದ್ದರೆ ಫೋಟೊ ಕೊಟ್ಟು ಹುಡುಕುವ ಗೂಗಲ್ ಲೆನ್ಸ್ ಅಕ್ಷರದ ಬೆನ್ನು ಹತ್ತುತ್ತದೆ. ಹಳೆಯ ಪ್ರತಿ ಬೇಕಾದರೆ ಅದೇ ಬಗೆಯ ಇನ್ನೊಂದು ಜಾಲತಾಣ ಟಿನ್‌ಐ ವಾಸಿ, ಅದರಲ್ಲಿ ಹಳತು ಮೊದಲು ಎಂದು ಜೋಡಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರೊಳಗೆ ತೆಗೆದ ದಿನಾಂಕ ಹುಡುಕಿ ಫಲವಿಲ್ಲ, ಅದು ದಾರಿಯಲ್ಲೇ ಅಳಿಸಿರುತ್ತದೆ. ಲಿಂಕಿನಲ್ಲಿ ‘ಗವ್’ ಎಂದಿದ್ದರೆ ಸಾಲದು, ವಿಳಾಸದ ಹೆಸರಿನ ಭಾಗ (https:// ಆದಮೇಲೆ ಬರುವ ಮೊದಲ ‘/’ ತನಕ) ಮುಗಿಯುವುದೇ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದಿರಬೇಕು.

ಖರ್ಚು: ಇಪ್ಪತ್ತು ಇಪ್ಪತ್ತೈದು ಜನಕ್ಕೆ ಚಹಾ, ಮಂಡಕ್ಕಿ, ಜೆರಾಕ್ಸ್ ಸೇರಿ ಸಾವಿರದ ಆಸುಪಾಸು. ಪ್ರೊಜೆಕ್ಟರ್ ಬಾಡಿಗೆ ದಂಡ. ಹಗಲಲ್ಲಿ ಸಮುದಾಯ ಭವನದೊಳಗೆ ಪರದೆ ಕಾಣದು, ಕರೆಂಟಿನ ಮಾತಂತೂ ಬೇಡ. ಎ3 ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ.

ಅಸಲಿ ಕೆಲಸ ನಾಲ್ಕನೆಯ ಸಂದೇಶದ್ದು, ಅದು ಊರಿನ ಗ್ರೂಪಿನದ್ದೇ: ‘ನಮ್ಮ ಚರಂಡಿಗೆ ಎಂಟು ಲಕ್ಷ ಬಂದಿತ್ತು, ನುಂಗಿದ್ದಾರೆ’. ಇ-ಗ್ರಾಮ್‌ಸ್ವರಾಜ್ ಎಂಬ ಪಂಚಾಯಿತಿ ಲೆಕ್ಕದ ಸರ್ಕಾರಿ ಜಾಲತಾಣ ತೆರೆದರೆ ಮೊತ್ತ ಸಿಕ್ಕಿಬಿಡುತ್ತದೆ, ಎಡವುವುದೂ ಅಲ್ಲೇ. ವರ್ಷಕ್ಕೆ ಅಂದುಕೊಂಡ ಕ್ರಿಯಾಯೋಜನೆಯ ಮೊತ್ತ ಬೇರೆ, ಎಂಜಿನಿಯರ್ ಹಾಕಿದ ಅಂದಾಜು ಪಟ್ಟಿ ಬೇರೆ, ಪಾವತಿಯಾದ ಬಿಲ್ ಬೇರೆ. ಮೊದಲನೆಯದನ್ನು ನೋಡಿ ‘ನುಂಗಿದರು’ ಎಂದು ಕೂಗಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದೇ ಕಾಗದ ತೋರಿಸಿ ಬಾಯಿ ಮುಚ್ಚಿಸುತ್ತಾರೆ, ಕೂಗಿದವರು ಮತ್ತೆ ಸಭೆ ಕಡೆ ತಲೆ ಹಾಕಲ್ಲ.

ಆದ್ದರಿಂದ ಮುಂದಿನ ಹೆಜ್ಜೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಪುರಾವೆ ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಬರೆದರೆ ಅರ್ಜಿ ಗೋತಾ. ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಆದ ಕೆಲಸದ ಲೆಕ್ಕ ಬರೆದಿಡುವ ಅಳತೆ ಪುಸ್ತಕದ ಪುಟ, ಬಿಲ್ – ಇವುಗಳ ದೃಢೀಕೃತ ನಕಲು ಕೇಳಬೇಕು. ಉತ್ತರಕ್ಕೆ 30 ದಿನ, ಹಾಗಾಗಿ ಸಭೆಗೆ ಒಂದೂವರೆ ತಿಂಗಳು ಮೊದಲೇ ಹಾಕಿ.

ನಡುವೆ ಒಂದು ಪಕ್ಕದ ಪ್ರಯೋಗ. ಸುಳ್ಳಿಗೆ ಉತ್ತರವನ್ನು ಉದ್ದಕ್ಕೆ ಟೈಪ್ ಮಾಡಿ ಹಾಕಿದರೆ ಯಾರೂ ಓದಲಿಲ್ಲ. ಅದನ್ನೇ ಊರಿನ ಹೆಣ್ಣುಮಗಳೊಬ್ಬರ ದನಿಯಲ್ಲಿ, ಅಲ್ಲಿನ ಮಾತಿನಲ್ಲಿ, ಅರ್ಧ ನಿಮಿಷದ ವಾಯ್ಸ್ ನೋಟ್ ಮಾಡಿದರೆ ನಾವು ಕಳಿಸದ ಗ್ರೂಪುಗಳಿಂದಲೂ ತಿರುಗಿ ಬಂತು. ಮೊದಲ ವಾಕ್ಯದಲ್ಲೇ ಸುಳ್ಳನ್ನು ಪುನರುಚ್ಚರಿಸಬಾರದು, ನಿಜದಿಂದಲೇ ಶುರು ಮಾಡಬೇಕು.

ಸಭೆಯಲ್ಲಿ ಬಾಯಿಮಾತು ಗಾಳಿಗೆ ಹೋಗುತ್ತದೆ. ಪ್ರಶ್ನೆಯನ್ನು ಎರಡು ಪ್ರತಿ ಬರೆದು, ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಸಭೆ ನೋಡಿಕೊಳ್ಳಲು ಬರುವ ನೋಡಲ್ ಅಧಿಕಾರಿಯ ಎದುರೇ ‘ನಡಾವಳಿಯಲ್ಲಿ ಬರೀರಿ’ ಎನ್ನಬೇಕು. ಮೊದಲು ಎಂಟ್ಹತ್ತು ಜನ ಬರುತ್ತಿದ್ದ ಕಡೆ ಈಗ ಐವತ್ತರ ಮೇಲೆ ಸೇರುತ್ತಾರೆ. ನಡಾವಳಿಯ ನಕಲನ್ನು ವಾರದೊಳಗೆ ಕೇಳಿ ಪಡೆದು ಅದೇ ಗ್ರೂಪಿಗೆ ಹಾಕಿ. ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಪಿಡಿಎಫ್ ಮಾಡಿಯೇ ಕಳಿಸಿ.